ಬ್ಲೂ-ರೇ ಮದುವೆ, ವಾಟ್ಸಾಪ್ ನೆಂಟರು

ಉಡುಪಿ ಕಡೆಯ ಕಪಾಟುಗಳಲ್ಲಿ ಮದುವೆಯ ಬ್ಲೂ-ರೇ ಡಿಸ್ಕು ಭದ್ರವಾಗಿ ಉಂಟು. ಹಾಕಿ ನೋಡುವ ಪ್ಲೇಯರೇ ಇಲ್ಲ. ಹಾಗಾಗಿ ಮಣಿಪಾಲದಲ್ಲಿ ಓದುವ ಅಳಿಯನಿಗೆ ಬುಲಾವ್. ಒಂದು ಪದರದ ಡಿಸ್ಕಿಗೆ 25 ಜಿಬಿ, ಎರಡು ಪದರದ್ದಕ್ಕೆ 50. ಅದನ್ನು ಎಚ್.265ರಲ್ಲಿ ಹಿಂಡಿ ಎಂಪಿ4 ಮಾಡಹೊರಟರೆ ಲ್ಯಾಪ್‌ಟಾಪಿನ ಫ್ಯಾನು ಯಕ್ಷಗಾನದ ಯುದ್ಧದ ಪದಕ್ಕೆ ಬಿದ್ದ ಚೆಂಡೆಯಂತೆ ಮೊರೆಯುತ್ತದೆ.

ಅತ್ತೆಗೆ ಧಾರೆಯೂ ಸ್ಪಷ್ಟ ಕಾಣಬೇಕು, ಫೈಲು ವಾಟ್ಸಾಪಿನಲ್ಲಿ ದುಬೈಗೂ ಹೋಗಬೇಕು. ಬಿಟ್‌ರೇಟ್ ಇಳಿಸಿದರೆ ಕರಿಮಣಿ ಮಸುಕು, ಏರಿಸಿದರೆ ದುಬೈ ದೂರ. ಸಿನೆಮಾ ಡಿಸ್ಕುಗಳಿಗೆ ನಕಲು ತಡೆಯುವ ಬೀಗವಿರುತ್ತದೆ. ಮದುವೆ ಡಿಸ್ಕಿಗೆ ಯಾಕೆ? ಅಷ್ಟುದ್ದದ ವೀಡಿಯೋ ಕದ್ದು ನೋಡುವ ತಾಳ್ಮೆ ಕಳ್ಳನಿಗೂ ಇರದು.

ಅಂತೂ ಪರಿವರ್ತನೆ ಮುಗಿದಾಗ ಮನೆಮಂದಿ ನೋಡಿದ್ದು ಊಟದ ಪಂಕ್ತಿ ಮಾತ್ರ. ‘ನನಗೆ ಶುಗರ್ ಉಂಟು ಮಾರಾಯ್ರೆ’ ಅನ್ನುತ್ತಿದ್ದ ಭಾವ ಮೂರನೇ ಹೋಳಿಗೆಗೆ ಎಲೆ ತೋರಿಸಿದ್ದು 1080ಪಿಯಲ್ಲಿ ನಿಚ್ಚಳ!