ಕಾಂಪೌಂಡಿನ ಮೇಲೊಂದು ಏಣಿ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಕಾಂಪೌಂಡು. ಆ ಕಡೆ ಅವರ ದಾಸವಾಳ, ಈ ಕಡೆ ನಮ್ಮ ಕರಿಬೇವು. ಭಾನುವಾರ ಬೆಳಿಗ್ಗೆ ಹೂ ಬಿಡಿಸಲು ಬಂದ ಮಾವ ಕಾಫಿ ಲೋಟವನ್ನು ಗೋಡೆಯ ಮೇಲಿಟ್ಟರೆಂದರೆ ಅರ್ಧ ಗಂಟೆ ಮಾತು ಗ್ಯಾರಂಟಿ. ಸಂಬಂಧದಲ್ಲಿ ಮಾವನಲ್ಲ. ಇಡೀ ಬೀದಿಗೇ ಅವರು ಮಾವ, ಅವರ ಹೆಂಡತಿ ಅತ್ತೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಎಲೆಕ್ಟ್ರಿಷಿಯನ್ ಆಗಿ ಮೂವತ್ತು ವರ್ಷ ದುಡಿದು ಈಗ ಮನೆಯಲ್ಲಿದ್ದಾರೆ. ನಾನು ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವವಳು.

"ಅಲ್ಲಮ್ಮಾ, ನೀವು ಬರೆಯೋದೆಲ್ಲ ಬರೀ ಅಕ್ಷರದಲ್ಲೇ ಯಾಕೆ? ನಾವು ಅಷ್ಟು ವರ್ಷ ಚಿತ್ರದಲ್ಲೇ ಮಿಷನ್ ಓಡಿಸ್ಲಿಲ್ವಾ?" ಅಂದರು ಈ ಸಲ.

ಮಾವ ಸುಮ್ಮನೆ ಕೇಳಿದ್ದು. ಆದರೆ ಪ್ರೋಗ್ರಾಮಿಂಗ್ ಭಾಷೆಗಳನ್ನು ಕಟ್ಟುವವರು ಅರವತ್ತು ವರ್ಷದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದಾರೆ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿ, ಬೆಳಕಿನ ಪೆನ್ನು ಹಿಡಿದು ಪರದೆಯ ಮೇಲೆ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ಮಾಡಿ ತೋರಿಸಿದ. ಮೂರು ವರ್ಷ ಕಳೆದ ಮೇಲೆ ಅವನ ಅಣ್ಣ ವಿಲಿಯಂ, ಅದೇ ಟಿಎಕ್ಸ್-2 ಕಂಪ್ಯೂಟರಿನ ಮುಂದೆ ಕೂತು, ಪ್ರೋಗ್ರಾಮನ್ನೇ ಚಿತ್ರವಾಗಿ ಬರೆಯುವುದು ಹೇಗೆಂದು ಪಿಎಚ್‌ಡಿ ಪ್ರಬಂಧ ಬರೆದ. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ಯಂತ್ರದ ಮುಂದೆ ಕೂತು ಕಂಡ ಕನಸು ಅದು.

ಮಾವ ಹೇಳುವ ಚಿತ್ರ ಮಾತ್ರ ವಿಶ್ವವಿದ್ಯಾಲಯದಿಂದ ಬಂದದ್ದಲ್ಲ. ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಕಾರಿನ ಮಾದರಿ ಬದಲಾದಾಗಲೆಲ್ಲ ರಿಲೇ ಪ್ಯಾನೆಲ್ಲುಗಳ ವೈರಿಂಗ್ ಕಿತ್ತು ಮತ್ತೆ ಮಾಡಬೇಕಿತ್ತು. ಆ ಪಾಡು ತಪ್ಪಿಸುವ ಯಂತ್ರವೊಂದು ಬೇಕೆಂದು 1968ರಲ್ಲಿ ಅವರು ಕೇಳಿದರು. ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರು ಕಟ್ಟಿಕೊಟ್ಟದ್ದು ಮೋಡಿಕಾನ್ 084. ಅದಕ್ಕೆ ಪ್ರೋಗ್ರಾಮು ಬರೆಯಲು ಅವರು ಹೊಸ ಭಾಷೆ ಹುಟ್ಟಿಸಲಿಲ್ಲ. ಎಲೆಕ್ಟ್ರಿಷಿಯನ್ನರು ಆಗಲೇ ಕಾಗದದ ಮೇಲೆ ಓದುತ್ತಿದ್ದ ಸರ್ಕ್ಯೂಟ್ ಚಿತ್ರವನ್ನೇ ತೆಗೆದುಕೊಂಡರು. ಎರಡು ಪಕ್ಕ ಎರಡು ನೇರ ಗೆರೆ, ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡಗೆರೆಗಳು, ಅವುಗಳ ಮೇಲೆ ಸ್ವಿಚ್ಚಿನ ಹಾಗೆ ತೆರೆದು ಮುಚ್ಚುವ ಕಾಂಟ್ಯಾಕ್ಟು, ಕೊನೆಯಲ್ಲಿ ಮೋಟಾರಿನಂಥದ್ದನ್ನು ಓಡಿಸುವ ಕಾಯಿಲು. ಅದಕ್ಕೇ ಅದರ ಹೆಸರು ಲ್ಯಾಡರ್. ಆ ಯಂತ್ರದ ಸಂತತಿಯಾದ ಪಿಎಲ್‌ಸಿ ಅನ್ನುವ ಪೆಟ್ಟಿಗೆ ಇವತ್ತು ಇಲ್ಲದ ದೊಡ್ಡ ಕಾರ್ಖಾನೆ ವಿರಳ, ಮತ್ತು ಅದರೊಳಗೆ ಇನ್ನೂ ಎಷ್ಟೋ ಕಡೆ ಓಡುತ್ತಿರುವುದು ಈ ಏಣಿಯೇ.

"ಒಂದ್ ಸಲ ಏನಾಯ್ತು ಗೊತ್ತಾ?" ಮಾವ ಲೋಟ ಕೆಳಗಿಟ್ಟರು. "ರಾತ್ರಿ ಪಾಳಿ. ಪ್ರೆಸ್ ನಿಂತೋಯ್ತು. ಬಟನ್ ಒತ್ತಿದ್ರೂ ಇಲ್ಲ. ಲ್ಯಾಪ್‌ಟಾಪ್ ಹಚ್ಚಿ ನೋಡಿದೆ. ಮೆಟ್ಟಿಲು ಎಡದಿಂದ ಹಸಿರಾಗಿ ಬರ್ತಾ ಬರ್ತಾ ಒಂದು ಕಾಂಟ್ಯಾಕ್ಟ್ ಹತ್ರ ನಿಂತಿದೆ. ಗಾರ್ಡಿನ ಲಿಮಿಟ್ ಸ್ವಿಚ್ಚು! ಹೋಗಿ ನೋಡಿದ್ರೆ ಕಬ್ಬಿಣದ ಚೂರು ಸೇರ್ಕೊಂಡು ಸ್ವಿಚ್ಚು ಪೂರ್ತಿ ಒತ್ತಿಕೊಂಡೇ ಇಲ್ಲ. ತೆಗೆದು ಒರೆಸಿದೆ, ಓಡ್ತು. ಹತ್ತು ನಿಮಿಷ."

ಈ ಹಸಿರು ಗೆರೆ ನನಗೆ ಬಹಳ ಇಷ್ಟವಾಗುವ ಸಂಗತಿ. ಪ್ರೋಗ್ರಾಮು ಓಡುತ್ತಿರುವಾಗಲೇ ಅದು ಎಲ್ಲಿಯವರೆಗೆ ಬಂದಿದೆ, ಎಲ್ಲಿ ತಡೆದಿದೆ ಎಂದು ಬರಹದ ಮೇಲೇ ಕಾಣುತ್ತದೆ. ಅಕ್ಷರದಲ್ಲಿ ಬರೆಯುವ ನಾವು ಅಷ್ಟನ್ನು ನೋಡಲು ಬೇರೆ ಉಪಕರಣ ತೆರೆದು, ಸಾಲುಸಾಲಾಗಿ ನಿಲ್ಲಿಸಿ ಇಣುಕಬೇಕು.

ಹಾಗೆಂದು ಎಲ್ಲ ಚಿತ್ರವೂ ಏಣಿಯಷ್ಟು ಸಲೀಸಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಒಂದು ಪರೀಕ್ಷಾ ಲ್ಯಾಬಿನಲ್ಲಿ ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿ ಬರೆಯುವ ಭಾಷೆ ಕೊಟ್ಟಿದ್ದರು. ಮೊದಲ ವಾರ ಹಬ್ಬ. ಮಾಹಿತಿ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಹರಿಯುವುದು ಕಣ್ಣಿಗೇ ಕಾಣುತ್ತದಲ್ಲ! ಎರಡನೆಯ ತಿಂಗಳು ಒಂದು ಷರತ್ತನ್ನು ನಡುವೆ ಸೇರಿಸಬೇಕಾಯಿತು. ತುಂಬಿದ ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿದ ಹಾಗೆ ಒಂದೊಂದೇ ಪೆಟ್ಟಿಗೆ ಸರಿಸಿ, ಒಂದೊಂದೇ ತಂತಿ ಬಿಡಿಸಿ ಮಧ್ಯಾಹ್ನವಿಡೀ ಕಳೆಯಿತು. ಸಾಲಿನಲ್ಲಿ ಬರೆದಿದ್ದರೆ ಎರಡು ಸಾಲು ಸೇರಿಸಿ ಊಟಕ್ಕೆ ಏಳುತ್ತಿದ್ದೆ.

ಇದು ನನ್ನೊಬ್ಬಳ ಕಷ್ಟವಲ್ಲ ಎಂದು ತಿಳಿದದ್ದು ಥಾಮಸ್ ಗ್ರೀನ್ ಮತ್ತು ಮರಿಯನ್ ಪೀಟರ್ ಅವರ ಸಂಶೋಧನೆ ಓದಿದಾಗ. ಬ್ರಿಟನ್ನಿನಲ್ಲಿ ಕೆಲಸ ಮಾಡುತ್ತಿದ್ದ ಈ ಇಬ್ಬರು 1992ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ತಂತಿ ಜೋಡಿಸುವ ಲ್ಯಾಬ್‌ವ್ಯೂ ಭಾಷೆಯಲ್ಲಿ ಪಳಗಿದವರನ್ನೇ ಕೂರಿಸಿ, ಒಂದೇ ಷರತ್ತುಗಳನ್ನು ಚಿತ್ರದಲ್ಲೂ ಅಕ್ಷರದಲ್ಲೂ ಓದಿಸಿದರು. ಚಿತ್ರ ಓದಲೇ ಹೆಚ್ಚು ಹೊತ್ತು ಹಿಡಿಯಿತು. 1996ರಲ್ಲಿ ಅವರೇ ಬರೆದ ಇನ್ನೊಂದು ಲೇಖನದಲ್ಲಿ, ಸಣ್ಣ ಬದಲಾವಣೆಗೂ ಬಹಳ ಕೈಕೆಲಸ ಬೇಡುವ ಗುಣಕ್ಕೆ ಎಣ್ಣೆಯ ಮಂದತನಕ್ಕೆ ಹೇಳುವ ಪದವನ್ನೇ ಬಳಸಿದ್ದಾರೆ. ನಾನು ಅದನ್ನು ಜಿಗುಟು ಅನ್ನುತ್ತೇನೆ. ಅಂದು ಮಧ್ಯಾಹ್ನ ನನ್ನ ಬೆರಳಿಗೆ ಅಂಟಿದ್ದು ಅದೇ.

ಪೀಟರ್ 1995ರಲ್ಲಿ ಹೇಳಿದ ಮಾತು ಇನ್ನೂ ಮುಖ್ಯವಾದದ್ದು. ಚಿತ್ರ ತಾನಾಗಿ ಅರ್ಥವಾಗುತ್ತದೆ ಅನ್ನುವುದು ಸುಳ್ಳು. ಅದನ್ನು ಓದುವುದನ್ನೂ ಕಲಿಯಬೇಕು. ನುರಿತವರು ಯಾವುದನ್ನು ಯಾವುದರ ಪಕ್ಕ ಇಟ್ಟಿದೆ ಎಂಬುದರಲ್ಲೇ ಅರ್ಥ ಹುಡುಕುತ್ತಾರೆ. ಹೊಸಬರಿಗೆ ಮೊದಲು ಎಲ್ಲಿ ನೋಡಬೇಕೆಂದೇ ತಿಳಿಯುವುದಿಲ್ಲ.

"ಮತ್ತೆ ನಮ್ ಲ್ಯಾಡರ್ ಹೆಂಗ್ ಬದುಕ್ತು?" ಮಾವನಿಗೆ ಅದೇ ಚಿಂತೆ.

ಬದುಕಿದ್ದು ಎರಡು ಕಾರಣಕ್ಕೆ ಎಂದು ನನ್ನ ನಂಬಿಕೆ. ಆ ಚಿತ್ರ ಕಂಪ್ಯೂಟರಿಗಿಂತ ಮೊದಲೇ ಎಲೆಕ್ಟ್ರಿಷಿಯನ್ನರ ಕೈಯಲ್ಲಿತ್ತು. ಓದುವ ವಿದ್ಯೆಯನ್ನು ಅವರು ಪ್ಯಾನೆಲ್ಲಿನ ಮುಂದೆ ನಿಂತೇ ಕಲಿತಿದ್ದರು. ಇನ್ನೊಂದು, ಏಣಿ ಹರಡಿಕೊಳ್ಳುವುದಿಲ್ಲ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಒಂದೊಂದೇ ಮೆಟ್ಟಿಲು. ಯಂತ್ರವೂ ಅದೇ ಕ್ರಮದಲ್ಲಿ ಓದಿ ಮತ್ತೆ ಮೊದಲಿಗೆ ಬರುತ್ತದೆ. ಅಂದರೆ ಚಿತ್ರವಾದರೂ ಅದು ಬರಹದ ಸಾಲಿನ ಶಿಸ್ತನ್ನು ಇಟ್ಟುಕೊಂಡಿದೆ.

"ಅದ್ರಲ್ಲಿ ಲೆಕ್ಕ ಮಾತ್ರ ಮಾಡ್ಬಾರ್ದು ತಾಯಿ," ಅಂದರು. "ಎರಡು ಟೆಂಪರೇಚರ್ ಕೂಡಿಸಿ ಭಾಗಿಸೋಕೆ ಮೂರು ಮೆಟ್ಟಿಲು. ಆಮೇಲಾಮೇಲೆ ಲೆಕ್ಕ ಇದ್ದ ಕಡೆ ಎಲ್ಲ ಅಕ್ಷರದಲ್ಲೇ ಬರೀತಿದ್ರು ನಮ್ ಹುಡುಗ್ರು." ಸರಿಯಾದ ಮಾತು. 1993ರ ಅಂತರರಾಷ್ಟ್ರೀಯ ಮಾನಕ ಐಇಸಿ 61131-3 ಏಣಿಯ ಪಕ್ಕದಲ್ಲೇ ಅಕ್ಷರದ ಭಾಷೆಗಳಿಗೂ ಜಾಗ ಕೊಟ್ಟಿತು.

ಲೆಕ್ಕದ ಮಾತು ಬಂದಾಗ ಸ್ಪ್ರೆಡ್‌ಶೀಟು ನೆನಪಾಯಿತು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ ವಿಸಿಕ್ಯಾಲ್ಕ್ ತಂದಾಗಲೂ ಹೀಗೇ ಆಯಿತು: ಗುಮಾಸ್ತರ ಕೈಯಲ್ಲಿದ್ದ ಚೌಕಚೌಕದ ಲೆಕ್ಕದ ಹಾಳೆಯೇ ಪರದೆಗೆ ಬಂತು. ನನ್ನ ಪ್ರಕಾರ ಲೋಕದಲ್ಲಿ ಅತಿ ಹೆಚ್ಚು ಜನ ಬಳಸುವ ಚಿತ್ರಭಾಷೆ ಅದು. ಬರೆದವರಲ್ಲಿ ಹೆಚ್ಚಿನವರು ತಾವು ಪ್ರೋಗ್ರಾಮು ಬರೆದೆವೆಂದೇ ಅಂದುಕೊಳ್ಳುವುದಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಕೈಯಲ್ಲಿ ರಂಗೋಲಿ ಪುಸ್ತಕ, ಅಂದರೆ ಹಳೆಯ ನೋಟುಬುಕ್ಕು. ಪ್ರತಿ ಪುಟದಲ್ಲಿ ಒಂದು ರಂಗೋಲಿ, ಅದರ ತಲೆಯ ಮೇಲೆ ಪೆನ್ನಿನಲ್ಲಿ ಒಂದು ಸಾಲು. ತೆರೆದಿದ್ದ ಪುಟದಲ್ಲಿ "9ರಿಂದ 5, ಸಂದುಚುಕ್ಕಿ" ಎಂದಿತ್ತು. ನಡುವಿನ ಸಾಲಿಗೆ ಒಂಬತ್ತು ಚುಕ್ಕಿ, ಅದರ ಮೇಲೂ ಕೆಳಗೂ ಸಂದಿನಲ್ಲಿ ಎಂಟು, ಆಮೇಲೆ ಏಳು, ಹೀಗೆ ಐದರವರೆಗೆ. ಎಣಿಸಿದರೆ 61 ಚುಕ್ಕಿ. ಅಷ್ಟನ್ನೂ ಆ ಒಂದು ಸಾಲು ಹಿಡಿದಿಟ್ಟಿದೆ.

"ಅತ್ತೆ, ಚುಕ್ಕಿನ ಬರೆದಿಟ್ಟಿದೀರ. ಎಳೆನೂ ಹಂಗೇ ಯಾಕೆ ಬರೆದಿಡ್ಲಿಲ್ಲ?"

"ಚುಕ್ಕಿ ಎಣಿಸಿ ಬರ್ಕೋಬಹುದು ಕಣೆ. ಎಳೆ ನೋಡೇ ಕಲೀಬೇಕು."

ಭಾಷೆ ಕಟ್ಟುವವರು ಪ್ರತಿ ಸಲವೂ ತೀರ್ಮಾನಿಸಬೇಕಾದದ್ದು ಇದನ್ನೇ: ಯಾವುದನ್ನು ಎಣಿಸಿ ಬರೆದುಕೊಳ್ಳಬಹುದು, ಯಾವುದನ್ನು ತೋರಿಸಲೇಬೇಕು. ಅತ್ತೆಯ ಪುಟದಲ್ಲಿ ಎರಡೂ ಅಕ್ಕಪಕ್ಕ ಇವೆ, ಒಂದರ ಕೆಲಸಕ್ಕೆ ಇನ್ನೊಂದು ಕೈಹಾಕಿಲ್ಲ. ಎಳೆಯನ್ನೂ ನಿಯಮವಾಗಿ ಬರೆಯಲು ಸಾಧ್ಯ ಎಂದು ತೋರಿಸಿದವರೂ ಇದ್ದಾರೆ. ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಅವರೊಂದಿಗೆ ಕಮಲಾ ಕೃತಿವಾಸನ್ 1974ರಲ್ಲಿ ತಮಿಳುನಾಡಿನ ರಂಗೋಲಿಯಾದ ಕೋಲಂಗಳಿಗೆ ವ್ಯಾಕರಣ ಬರೆದರು. ಸಣ್ಣದೊಂದು ಮಾದರಿಯಿಂದ ದೊಡ್ಡದನ್ನು ಹಂತಹಂತವಾಗಿ ಬೆಳೆಸುವ ನಿಯಮಗಳು ಅವು. ಚಿತ್ರಗಳಿಗೆ ವ್ಯಾಕರಣ ಕಟ್ಟುವ ಕೆಲಸದಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಅತ್ತೆಗೆ ಹೇಳಿದೆ. "ಬಾಗಿಲಲ್ಲಿ ಕೂತು ಹಾಕಿದವರನ್ನ ನೋಡಿ ಬರೆದಿರ್ತಾರೆ," ಅಂದರು, ಖುಷಿಯಿಂದ.

ಮೊಮ್ಮಗಳು ಟ್ಯಾಬ್ ಹಿಡಿದು ಹಿಂದೆಯೇ ಬಂದಳು. ಆರನೇ ಕ್ಲಾಸು, ಸ್ಕ್ರ್ಯಾಚ್ ಕಲಿಯುತ್ತಿದ್ದಾಳೆ. ಎಂಐಟಿಯ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ತಂಡ ಕಟ್ಟಿ 2007ರಲ್ಲಿ ಎಲ್ಲರಿಗೂ ಬಿಟ್ಟ ಭಾಷೆ. ಅದರ ಬ್ಲಾಕುಗಳ ಮೇಲೆ ಇರುವುದು ಅಕ್ಷರವೇ, ವ್ಯಾಕರಣ ಮಾತ್ರ ಆಕಾರದಲ್ಲಿದೆ. ಹೌದು-ಇಲ್ಲ ಎಂಬ ಉತ್ತರ ಬೇಕಾದ ಗುಂಡಿಗೆ ಆರು ಮೂಲೆಯ ಬ್ಲಾಕೇ ಕೂರುತ್ತದೆ. ಕೊನೆಯಿಲ್ಲದೆ ಮಾಡುತ್ತಲೇ ಇರು ಎನ್ನುವ ಬ್ಲಾಕಿನ ಕೆಳಗೆ ಹಲ್ಲೇ ಇಲ್ಲ, ಅದರ ಮುಂದೆ ಏನನ್ನೂ ಜೋಡಿಸಲಾಗದು. ತಪ್ಪು ವಾಕ್ಯ ಬರೆಯಲು ಕೈಗೇ ಬಿಡದ ಈ ಉಪಾಯಕ್ಕೆ ನಾನು ಮನಸೋತಿದ್ದೇನೆ.

"ಇದ್ರಲ್ಲೇ ಕಲಿತ್ರೆ ಮುಂದೆ ನಿನ್ ಥರ ಬರೆಯೋಕೆ ಕಷ್ಟ ಆಗಲ್ವೇನೆ?" ಅತ್ತೆಯ ಆತಂಕ. ಡೇವಿಡ್ ವೈನ್‌ಟ್ರಾಪ್, ಯೂರಿ ವಿಲೆನ್ಸ್ಕಿ ಇಬ್ಬರೂ ಷಿಕಾಗೋದ ಒಂದು ಹೈಸ್ಕೂಲಿನಲ್ಲಿ ಇದನ್ನೇ ನೋಡಿದ್ದಾರೆ. ಐದು ವಾರ ಒಂದು ತರಗತಿ ಬ್ಲಾಕಿನಲ್ಲಿ, ಇನ್ನೊಂದು ಅಕ್ಷರದಲ್ಲಿ. ಬ್ಲಾಕಿನ ಮಕ್ಕಳು ಮುಂದಿದ್ದರು. ಆಮೇಲೆ ಎಲ್ಲರೂ ಹತ್ತು ವಾರ ಜಾವಾ ಕಲಿತ ಮೇಲೆ ಎರಡು ತರಗತಿಗಳ ನಡುವೆ ವ್ಯತ್ಯಾಸ ಉಳಿಯಲಿಲ್ಲ. ಮುಂದಿದ್ದದ್ದು ಉಳಿಯಲಿಲ್ಲ, ಹಿಂದೆಯೂ ಬೀಳಲಿಲ್ಲ. "ಧೈರ್ಯವಾಗಿ ಕಲೀಲಿ ಅತ್ತೆ," ಅಂದೆ.

ಮಾವನಿಗೆ ಉಮೇದು ಬಂತು. ಸೀಮೆಸುಣ್ಣ ತರಿಸಿ ಕಾಂಪೌಂಡಿನ ಮೇಲೆ ಒಂದು ಮೆಟ್ಟಿಲು ಬರೆದರು. ಮೊದಲು ಸ್ಟಾಪ್ ಬಟನ್, ಆಮೇಲೆ ಸ್ಟಾರ್ಟ್, ಕೊನೆಗೆ ಮೋಟಾರಿನ ಕಾಯಿಲ್. ಸ್ಟಾರ್ಟ್ ಬಟನ್ನಿನ ಕೆಳಗೆ, ಅದನ್ನು ಬಳಸಿಕೊಂಡು ಹೋಗುವ ಇನ್ನೊಂದು ದಾರಿಯಲ್ಲಿ ಮೋಟಾರಿನದೇ ಒಂದು ಕಾಂಟ್ಯಾಕ್ಟು.

"ಬಟನ್ನಿಂದ ಬೆರಳು ತೆಗೆದ್ರೂ ಮೋಟಾರ್ ಓಡ್ತಾನೇ ಇರುತ್ತೆ. ಯಾಕೆ ಹೇಳು?"

ಹುಡುಗಿ ಎಡಗಡೆಯಿಂದ ಬೆರಳು ಎಳೆದುಕೊಂಡು ಬಂದಳು. ಸ್ಟಾರ್ಟ್ ಹತ್ತಿರ ನಿಂತಳು. ಕೆಳಗಿನ ದಾರಿ ಹಿಡಿದು ಕಾಯಿಲ್ ತಲುಪಿದಳು. "ಓಡ್ತಿರೋದೇ ಅದನ್ನ ಓಡಿಸ್ತಿದೆ," ಅಂದಳು. ಮಾವ ನನ್ನ ಮುಖ ನೋಡಿದರು. ಅವಳ ಬೆರಳು ಇನ್ನೂ ಗೋಡೆಯ ಮೇಲೇ ಇತ್ತು.

"ತಾತ, ಕರೆಂಟ್ ಹೋಗಿ ಬಂದ್ರೆ?"

"ನೀನೇ ನೋಡು."

ಮತ್ತೆ ಎಡದಿಂದ ಬಂದಳು. ಸ್ಟಾರ್ಟ್ ತೆರೆದಿದೆ, ಕೆಳಗಿನದೂ ಈಗ ತೆರೆದಿದೆ. "ಓಡಲ್ಲ. ಮತ್ತೆ ಒತ್ತಬೇಕು."

"ಅದಕ್ಕೇ ಹಂಗೆ ಬರೆಯೋದು," ಅಂದರು ಮಾವ. "ಕತ್ತಲಲ್ಲಿ ಯಾರಾದ್ರೂ ಮಿಷನ್ ಒಳಗೆ ಕೈ ಇಟ್ಟಿರ್ತಾರೆ."