ಹಾಲುಸಾಲದಮ್ಮ

ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ, ಈ ಸೀಮೆಯಲ್ಲಿ ಯಾವ ಊರಾದರೂ ಸರಿ, ಬಾಣಂತಿ ಇರುವ ಮನೆಗೆ ಒಬ್ಬರು ತಪ್ಪದೆ ಬರುತ್ತಾರೆ. ಅವರ ಹೆಸರು ಕೇರಿಗೊಂದು. ಆಡುವ ಮಾತು ಒಂದೇ ಆದ್ದರಿಂದ ಹಾಲುಸಾಲದಮ್ಮ ಎಂದೇ ಕರೆಯೋಣ. ತೊಟ್ಟಿಲನ್ನೊಮ್ಮೆ ತಾಯಿಯನ್ನೊಮ್ಮೆ ನೋಡಿ, ಮಗುವಿನ ತೊಡೆ ಹಿಂಡಿ, 'ಅಯ್ಯೋ, ಕೂಸಿಗೆ ಹಾಲು ಸಾಲ್ದು ಕಣಮ್ಮಾ' ಅನ್ನುತ್ತಾರೆ. ಗಡಿನಾಡಿನವರಲ್ಲವೇ, ಪಕ್ಕದ ಮನೆಯ ತಮಿಳು ಬಾಣಂತಿಗೆ 'ಪಾಲ್ ಪತ್ತಲೆ', ಎದುರುಮನೆಯ ತೆಲುಗಿನವರಿಗೆ 'ಪಾಲು ಚಾಲಲೇದು'. ಮಗು ಗಳಿಗೆಗೊಮ್ಮೆ ಕುಡಿದರೆ ಹಾಲು ಸಾಲದು, ಐದು ನಿಮಿಷಕ್ಕೇ ಬಿಟ್ಟರೆ ಹಾಲು ಬರುತ್ತಿಲ್ಲ, ಅತ್ತರೆ ಹಸಿವು, ಅಳದೆ ಮಲಗಿದರೆ ಹಸಿದು ಹಸಿದು ಸುಸ್ತಾಗಿದೆ. ಇಷ್ಟು ಭದ್ರವಾದ ಸಿದ್ಧಾಂತ ತತ್ವಶಾಸ್ತ್ರಜ್ಞರಿಗೂ ಸಿಕ್ಕಿಲ್ಲ.

ತೊಂದರೆ ಏನೆಂದರೆ, ಹಾಲು ಕುಡಿಯುವ ರೀತಿ ಬದಲಾಗುವುದೇ ಮಗುವಿನ ಧರ್ಮ. ಹುಟ್ಟಿದ ದಿನ ಒಂದೆರಡು ಚಮಚ ಗಿಣ್ಣುಹಾಲೇ ಅದಕ್ಕೆ ಊಟ. ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿದು, ಸುಮಾರು ಎರಡು ವಾರದ ಹೊತ್ತಿಗೆ ಮತ್ತೆ ಸಮಕ್ಕೆ ಬರುತ್ತದೆ. ಎರಡು-ಮೂರನೇ ವಾರ, ಆರನೇ ವಾರ, ಮೂರನೇ ತಿಂಗಳು, ಹೀಗೆ ನಡುನಡುವೆ ಮಗು ಎರಡು-ಮೂರು ದಿನ ಎದೆ ಬಿಡದೆ ಕುಡಿಯುವುದುಂಟು. ಸಂಜೆಯ ಹೊತ್ತಂತೂ ಅರ್ಧ ಗಂಟೆಗೊಮ್ಮೆ ಬೇಕು. ಮೂರು ತಿಂಗಳು ದಾಟಿದ ಮೇಲೆ ಕತೆಯೇ ಬೇರೆ: ಚೀಪುವುದರಲ್ಲಿ ಪಳಗಿದ ಮಗು ಐದು-ಹತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ, ಫ್ಯಾನು ತಿರುಗಿದರೆ ಅತ್ತ ನೋಡುತ್ತದೆ, ಬಾಗಿಲು ಕಿರ್ ಎಂದರೆ ಬಾಯಿ ಬಿಡುತ್ತದೆ. ತಾಯಿಯ ಎದೆಯೂ ಮೊದಲಿನಂತೆ ಬಿಗಿಯುವುದಿಲ್ಲ, ಏಕೆಂದರೆ ಬೇಕಾದಷ್ಟೇ ಹಾಲು ಬೇಕಾದಾಗ ಊರುವುದು ಮೈಗೆ ರೂಢಿಯಾಗಿರುತ್ತದೆ. ಇನ್ನೊಂದು ವಿಷಯ ಕೇಳಿದರೆ ಹಾಲುಸಾಲದಮ್ಮ ಎಲೆ ಅಡಿಕೆ ಉಗಿದೇಬಿಟ್ಟಾರು: ಒಂದನೇ ತಿಂಗಳಿಂದ ಆರನೇ ತಿಂಗಳವರೆಗೆ ಎದೆಹಾಲು ಕುಡಿಯುವ ಮಗುವಿಗೆ ಸೇರುವ ಹಾಲು ದಿನಕ್ಕೆ ಸರಾಸರಿ 750-800 ಮಿಲಿಲೀಟರಿನ ಆಸುಪಾಸಿನಲ್ಲೇ ಇರುತ್ತದೆ. ಮಗು ದೊಡ್ಡದಾದರೂ ಬೆಳೆಯುವ ವೇಗ ಇಳಿಯುವುದರಿಂದ ಹಾಲು ಅಷ್ಟೇ ಸಾಕಾಗುತ್ತದೆ.

ಹಾಗಾದರೆ ಅವರ ಮಾತು ಇಷ್ಟು ಮನೆಗಳಲ್ಲಿ ನಿಜವಾಗುವುದು ಹೇಗೆ? ಅವರೇ ನಿಜ ಮಾಡಿಸುತ್ತಾರೆ. ಹೆದರಿದ ಮನೆಯವರು ಹಾಲಿನ ಪುಡಿಯ ಡಬ್ಬಿ ತರುತ್ತಾರೆ. ಬಾಟಲಿ ಕುಡಿದ ಮಗು ಮೂರು ಗಂಟೆ ಮಲಗುತ್ತದೆ, ಅಷ್ಟು ಹೊತ್ತು ಎದೆಯ ಹಾಲು ಖಾಲಿಯಾಗುವುದಿಲ್ಲ, ಖಾಲಿಯಾಗದ್ದು ಮತ್ತೆ ಊರುವುದಿಲ್ಲ. ಹದಿನೈದು ದಿನದಲ್ಲಿ ಹಾಲು ನಿಜವಾಗಿಯೂ ಸಾಲದು. 'ನಾನವತ್ತೇ ಹೇಳ್ಲಿಲ್ವಾ?' ಮತ್ತಿಗಿರಿಯಲ್ಲಿ ಸರ್ಕಾರಿ ಜಾನುವಾರು ಫಾರಂ ಇರುವ ಈ ಸೀಮೆಯಲ್ಲಿ, ಕೆಚ್ಚಲಲ್ಲಿ ಹಾಲು ಬಿಟ್ಟರೆ ಹಸು ಬತ್ತುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಲುಸಾಲದಮ್ಮನಿಗೂ ಅದು ಗೊತ್ತು. ಕೊಟ್ಟಿಗೆಯಲ್ಲಿದ್ದ ಜ್ಞಾನ ಬಾಣಂತಿ ಕೋಣೆಯ ಹೊಸ್ತಿಲು ದಾಟುವುದಿಲ್ಲ, ಅಷ್ಟೆ. ಅವರು ಶಿಫಾರಸು ಮಾಡಿದ ಡಬ್ಬಿಯ ಮೇಲೇ, 1992ರ ಕೇಂದ್ರ ಕಾನೂನಿನ ಪ್ರಕಾರ, ತಾಯಿಯ ಹಾಲೇ ಮಗುವಿಗೆ ಅತ್ಯುತ್ತಮವೆಂದು ಅಚ್ಚಾಗಿರುತ್ತದೆ. ಡಬ್ಬಿಯೇ ಅವರ ಪಕ್ಷದಲ್ಲಿಲ್ಲ.

ಐದು ಹೆತ್ತು ಸಾಕಿದವರ ಅನುಭವಕ್ಕೆ ಬೆಲೆ ಇಲ್ಲವೇ ಎಂದು ಕೇಳಬಹುದು. ಇದೆ. ಮಗುವಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವ ಅವರ ಕೈ ಯಾವ ಪುಸ್ತಕದಲ್ಲೂ ಸಿಗದು. ಅವರು ತರುವ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಾಯಿಯ ಊಟಕ್ಕೆ ಒಳ್ಳೆಯದೇ. ಪುಸ್ತಕ ಓದಿದವರೂ ಎಡವಿಲ್ಲದೇ ಇಲ್ಲ: 20ನೇ ಶತಮಾನದ ಆರಂಭದಲ್ಲಿ ನ್ಯೂಜಿಲೆಂಡಿನ ಡಾ. ಟ್ರೂಬಿ ಕಿಂಗ್ ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು, ರಾತ್ರಿ ಹಾಲೇ ಇಲ್ಲ ಎಂದು ಶಿಸ್ತು ಹೇರಿದ್ದರು. ಟೈಟನ್ ವಾಚು ತಯಾರಾಗುವ ಹೊಸೂರಿನಲ್ಲೂ ಮಕ್ಕಳು ವಾಚು ಕಟ್ಟಿಕೊಂಡು ಹುಟ್ಟುವುದಿಲ್ಲ. ಹಾಲು ನಿಜಕ್ಕೂ ಕಡಿಮೆಯಾದರೆ? ಆಗುವುದುಂಟು, ಅದನ್ನು ಹಗುರವಾಗಿ ನೋಡುವಂತಿಲ್ಲ. ಆದರೆ ಅದರ ಲೆಕ್ಕ ಸಿಗುವುದು ಬಾಯಲ್ಲಲ್ಲ, ಬಟ್ಟೆಯಲ್ಲಿ. ಐದಾರು ದಿನ ಕಳೆದ ಮಗು ದಿನಕ್ಕೆ ಆರು ಸಲವಾದರೂ ತಿಳಿಬಣ್ಣದ ಉಚ್ಚೆ ಹೊಯ್ಯಬೇಕು. ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 25-30 ಗ್ರಾಂ ತೂಕ ಏರಬೇಕು. ಬಟ್ಟೆ ಒದ್ದೆಯಾಗುತ್ತಿಲ್ಲ, ತೂಕ ನಿಂತಿದೆ, ಮಗು ಎಬ್ಬಿಸಿದರೂ ಕುಡಿಯದೆ ಜೋತುಬೀಳುತ್ತದೆ, ಮೈ ಬಿಸಿ ಅಂದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ತಮಾಷೆಯೆಂದರೆ ಆ ಒದ್ದೆ ಬಟ್ಟೆಗಳನ್ನು ಒಗೆದು ಹರವುವವರು ಹಾಲುಸಾಲದಮ್ಮನೇ. ಸಾಕ್ಷಿಯನ್ನೆಲ್ಲ ತಂತಿಯ ಮೇಲೆ ಸಾಲಾಗಿ ಒಣಹಾಕಿ ಒಳಗೆ ಬಂದು 'ಸಾಲ್ದು' ಅನ್ನುತ್ತಾರೆ.

ಇವರ ಕಾಲ ಮುಗಿಯಿತೆಂದುಕೊಳ್ಳಬೇಡಿ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ ಬಂದು, ಮಗು ಎಡಗಡೆ ಎಷ್ಟು ನಿಮಿಷ, ಬಲಗಡೆ ಎಷ್ಟು ನಿಮಿಷ ಎಂದು ಮೊಬೈಲಿನಲ್ಲಿ ಗೀರು ಎಳೆದು, ನಿನ್ನೆಗಿಂತ ಇವತ್ತು ಕಡಿಮೆ ಎಂದು ಬೆವರುವ ಎಳೆಯ ಅಪ್ಪ ಅವರದೇ ಶಿಷ್ಯ. ಹಾಲುಸಾಲದಮ್ಮನಾದರೂ ಪಟ್ಟ ಬಿಟ್ಟುಕೊಟ್ಟಿಲ್ಲ. ಆರು ತಿಂಗಳು ತುಂಬಿ ಮಗುವಿಗೆ ರಾಗಿ ಸರಿ ಶುರುವಾದ ದಿನ ಬಂದು, ಬಟ್ಟಲಲ್ಲಿ ಮಿಕ್ಕದ್ದನ್ನು ಬೆರಳಲ್ಲಿ ಬಳಿದು ನೋಡಿ ಹೇಳುತ್ತಾರೆ: 'ಇನ್ನೂ ಹಾಲು ಕುಡಿಸ್ತಾ ಕೂತಿದ್ದೀಯಲ್ಲಾ, ಕೂಸು ಊಟ ಎಲ್ಲಿಂದ ಮಾಡೀತು?'