ಜುಲೈ ಒಂದರ ಡಾಕ್ಟರು

ಜುಲೈ ತಿಂಗಳಲ್ಲಿ ಕಾಯಿಲೆ ಬೀಳಬೇಡಿ ಎಂದು ಅಮೆರಿಕದಲ್ಲೊಂದು ಹಳೇ ತಮಾಷೆಯಿದೆ. ಅಲ್ಲಿನ ಬೋಧನಾಸ್ಪತ್ರೆಗಳಿಗೆ ಮೊದಲ ವರ್ಷದ ರೆಸಿಡೆಂಟುಗಳು, ಅಂದರೆ ಇಂಟರ್ನ್‌ಗಳು, ಕಾಲಿಡುವುದು ಹೆಚ್ಚುಕಡಿಮೆ ಜುಲೈ ಒಂದಕ್ಕೇ. ನಮ್ಮ ದಾವಣಗೆರೆ ಡಾಕ್ಟರು ಕಾಲಿಟ್ಟದ್ದು ಪೆನ್ಸಿಲ್ವೇನಿಯಾದ ಸಣ್ಣ ಊರೊಂದರ ಕಮ್ಯುನಿಟಿ ಆಸ್ಪತ್ರೆಗೆ. ನೂರಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿ, ಮಾರ್ಚ್‌ನ ಒಂದು ಸೋಮವಾರ ಸೀಟು ಸಿಕ್ಕಿತೆಂದಷ್ಟೇ ತಿಳಿದು, ಎಲ್ಲಿ ಎಂಬುದಕ್ಕೆ ಶುಕ್ರವಾರದವರೆಗೆ ಉಗುರು ಕಚ್ಚುತ್ತಾ ಕೂತು ಪಡೆದ ಭಾಗ್ಯ. ತಾಯಿಯವರು ಮಾತ್ರ ಸೋಮವಾರವೇ ಪೇಡ ಹಂಚಿ, ಯಾವೂರು ಎಂದವರಿಗೆ ‘ನ್ಯೂಯಾರ್ಕ್ ಹತ್ರ’ ಎಂದುಬಿಟ್ಟಿದ್ದರು.

ಇಲ್ಲಿದ್ದಾಗ ಇವರು ಪ್ರಾಥಮಿಕ ಆರೋಗ್ಯ ಕೇಂದ್ರವೊಂದನ್ನು ಒಬ್ಬರೇ ಆಳಿದವರು. ಹಾವು ಕಚ್ಚಿದವನಿಂದ ಹಿಡಿದು ಹೆರಿಗೆ ನೋವಿನವಳವರೆಗೆ ಎಲ್ಲರೂ ಇವರ ಪ್ರಜೆಗಳೇ. ಅಲ್ಲಿ ಮಲಬದ್ಧತೆಗೆ ಔಷಧ ಬರೆದರೂ ಬೆಳಗಿನ ರೌಂಡ್ಸ್‌ನಲ್ಲಿ ಅಟೆಂಡಿಂಗ್, ಅಂದರೆ ಮೇಲ್ವಿಚಾರಣೆಯ ಹಿರಿಯ ವೈದ್ಯರ, ಮುಂದೆ ಕಾರಣ ಒಪ್ಪಿಸಬೇಕು. ಜೇಬಿನಲ್ಲಿ ಮಡಚಿ ಮಡಚಿ ನಲುಗಿದ ರೋಗಿಗಳ ಪಟ್ಟಿ. ಪ್ರತಿ ಹೆಸರಿನ ಮುಂದೆ ಪುಟ್ಟ ಪುಟ್ಟ ಚೌಕ. ಕೆಲಸ ಮುಗಿದರೆ ಚೌಕಕ್ಕೆ ಪೂರ್ತಿ ಮಸಿ, ರಿಪೋರ್ಟ್ ಬರುವುದಿದ್ದರೆ ಅರ್ಧ ಮಸಿ. ಮೆಡಿಸಿನ್ ವಿಭಾಗದ ಇಂಟರ್ನ್‌ಗೆ ಒಮ್ಮೆಗೆ 10 ರೋಗಿಗಳಿಗಿಂತ ಹೆಚ್ಚು ಕೊಡುವಂತಿಲ್ಲ. ಚೌಕಗಳ ವಿಚಾರದಲ್ಲಿ ನಿಯಮ ಮೌನವಾಗಿದೆ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದಲ್ಲಿ, ಪಕ್ಕದೂರಿನಿಂದ ಅಜ್ಜನೊಬ್ಬನ ಹಳೇ ಇಸಿಜಿ ಫ್ಯಾಕ್ಸಿನಲ್ಲಿ ಬರಲೆಂದು ಕಾಯುವುದೂ ಒಂದು ಚೌಕವೇ.

ವಾರಕ್ಕೆ 80 ಗಂಟೆ ಮೀರಿ ದುಡಿಸಬಾರದೆಂಬ ಕಟ್ಟಳೆ 2003ರಲ್ಲಿ ದೇಶಕ್ಕೆಲ್ಲ ಬಂತು. ಅದು ನಾಲ್ಕು ವಾರದ ಸರಾಸರಿ ಎಂಬುದು ಡಾಕ್ಟರಿಗೆ ಮೊದಲ ವಾರವೇ ಅರಿವಾಯಿತು.

ಕಷ್ಟವಿರುವುದು ರಾತ್ರಿಯಲ್ಲಿ. ವಿಶ್ವವಿದ್ಯಾಲಯದ ದೊಡ್ಡಾಸ್ಪತ್ರೆಗಳಲ್ಲಾದರೆ ಹೃದಯಕ್ಕೊಬ್ಬ, ಕಿಡ್ನಿಗೊಬ್ಬ ಫೆಲೋ, ಅಂದರೆ ತಜ್ಞನಾಗಲು ತರಬೇತಿಯಲ್ಲಿರುವ ಡಾಕ್ಟರು, ಕೈಗೆ ಸಿಗುತ್ತಾನೆ. ಈ ಆಸ್ಪತ್ರೆಯ ಕಿಡ್ನಿ ತಜ್ಞರು ತಮ್ಮ ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. ಎಬ್ಬಿಸಿದರೆ ‘ಇಷ್ಟಕ್ಕೆಲ್ಲ ಫೋನೇ?’ ಅನ್ನುತ್ತಾರೆ, ಎಬ್ಬಿಸದಿದ್ದರೆ ಬೆಳಿಗ್ಗೆ ‘ಫೋನ್ ಯಾಕೆ ಮಾಡಲಿಲ್ಲ?’ ಅನ್ನುತ್ತಾರೆ. ಆಗ ಕಾಯುವವಳು ಇವರು ಹುಟ್ಟುವ ಮೊದಲೇ ಕೆಲಸಕ್ಕೆ ಸೇರಿದ ನರ್ಸಮ್ಮ. ‘ಡಾಕ್ಟರ್, ಪೊಟ್ಯಾಸಿಯಂ ಇನ್ನೊಮ್ಮೆ ನೋಡೋಣ ಅಂದುಕೊಂಡಿದ್ದಿರಲ್ಲವೇ?’ ಎನ್ನುತ್ತಾಳೆ. ಇವರು ಹಾಗೇನೂ ಅಂದುಕೊಂಡಿರುವುದಿಲ್ಲ. ‘ಹೌದ್ಹೌದು, ಅದನ್ನೇ ಹೇಳಬೇಕೆಂದಿದ್ದೆ’ ಎಂದು ಗಂಭೀರವಾಗಿ ಟೈಪು ಮಾಡುತ್ತಾರೆ. ಆ ಆಸ್ಪತ್ರೆಯಲ್ಲಿ ನಿಜವಾದ ಪಾಠ ನಡೆಯುವುದು ಹೀಗೆ, ಗುರುದಕ್ಷಿಣೆಯಿಲ್ಲದೆ.

ಅಲ್ಲಿ ಬೇಸಿಗೆಯ ರಾತ್ರಿ ಎರಡು ಗಂಟೆಯೆಂದರೆ ದಾವಣಗೆರೆಯಲ್ಲಿ ಬೆಳಿಗ್ಗೆ ಹನ್ನೊಂದೂವರೆ: ತಿಂಡಿ ಮುಗಿದು, ಅಡುಗೆಗೆ ಇನ್ನೂ ಹೊತ್ತಿರುವ ಸಮಯ. ವಾಟ್ಸ್ಯಾಪಿನಲ್ಲಿ ಅತ್ತೆಯ ಶುಗರ್ ರಿಪೋರ್ಟ್ ಬರುತ್ತದೆ, ಸೋದರಮಾವನ ಮಂಡಿಯ ಎಕ್ಸ್‌ರೇ ಕಿಟಕಿಗೆ ಹಿಡಿದ ಫೋಟೋ ಬರುತ್ತದೆ. ಹತ್ತೇ ನಿಮಿಷದ ಹಿಂದೆ ಪೊಟ್ಯಾಸಿಯಂ ಪಾಠ ಹೇಳಿಸಿಕೊಂಡ ಡಾಕ್ಟರು ಕಾರಿಡಾರಿನ ಮೂಲೆಗೆ ಹೋಗಿ ಗಂಟಲು ಸರಿಮಾಡಿಕೊಂಡು ಏಕಾಏಕಿ ಮಂಡಿತಜ್ಞರಾಗುತ್ತಾರೆ. ಕೇಳಲು ಅಟೆಂಡಿಂಗ್ ಇಲ್ಲವಲ್ಲ!

ಒಮ್ಮೆ ಮಾತ್ರ ಸುಸ್ತಾಗಿ, ‘ಅತ್ತೆ, ಅಲ್ಲೇ ಯಾರಾದರೂ ಒಳ್ಳೇ ಡಾಕ್ಟರಿಗೆ ತೋರಿಸಿಬಿಡಿ’ ಎಂದರಂತೆ.

‘ತೋರಿಸ್ಕೊಂಡೇ ಬಂದೆ ಕಣಪ್ಪ. ಅವ್ರೂ ಮಗನ್ನ ಅಮೆರಿಕಕ್ಕೆ ಕಳಿಸ್ಬೇಕಂತೆ. ನಿನ್ನ ನಂಬರು ಕೊಟ್ಟಿದೀನಿ, ಈಗ ಮಾಡ್ತಾರೆ ನೋಡು.’